ಎಳ್ಳಿನ ಹಿಂಡಿ: ದನದ ಮೇವೋ, ಜನರ ಆಹಾರವೋ?

ಎಳ್ಳು ಎಂದೊಡನೆ ನಮ್ಮ ವ್ಯಾಪಾರಸ್ಥ ಬಾಂಧವರಿಗೆ ನೆನಪಾಗುವುದು ಎಣ್ಣೆ. ಗಾಣದ ಕಾಲದಿಂದ ಇಂದಿನ ಎಕ್ಸ್‌ಪೆಲ್ಲರ್ ಕಾಲದವರೆಗೂ ಎಣ್ಣೆಯ ಇಳುವರಿಯನ್ನು ನೋಡಿಯೇ ಇದರ ದರ ಕಟ್ಟಲಾಗಿದೆ. ಉಳಿದ ಹಿಂಡಿ ದನಕರುಗಳ ಪಾಲು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಕೋಷ್ಟಕವನ್ನು ತೆರೆದು ನೋಡಿದರೆ, 100 ಗ್ರಾಂ ಎಳ್ಳಿನಲ್ಲಿ ಸುಮಾರು 43 ಗ್ರಾಂ ಕೊಬ್ಬಿನೊಡನೆ 18.3 ಗ್ರಾಂ ಪ್ರೋಟೀನ್ ಇರುವುದು ಕಂಡುಬರುತ್ತದೆ. ತೊಗರಿಬೇಳೆಯಲ್ಲಿ 22.3, ಸಜ್ಜೆಯಲ್ಲಿ 11.6, ಜೋಳದಲ್ಲಿ 10.4 ಗ್ರಾಂ. ಎಣ್ಣೆ ತೆಗೆದಾಗ ಪ್ರೋಟೀನ್ ಎಣ್ಣೆಯೊಡನೆ ಹೋಗುವುದಿಲ್ಲ, ಹಿಂಡಿಯಲ್ಲಿಯೇ ಉಳಿಯುತ್ತದೆ. ನಾವು ದನಕ್ಕೆ ಮಾರುತ್ತಿರುವುದು ಈ ಭಾಗವನ್ನೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪ್ರದೇಶಕ್ಕೆ ಈ ವಿಷಯ ಹೊಸದಲ್ಲ. ಎಳ್ಳ ಅಮವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದೇ ಇರುತ್ತದೆ. ಎಳ್ಳು ಸುಮಾರು ಮೂರು ತಿಂಗಳ ಮುಂಗಾರು ಬೆಳೆ. ನೀರು ಕಡಿಮೆ ಸಾಕು. ಆದರೆ ಕಾಯಿ ಒಣಗಿದೊಡನೆ ಬಿರಿದು ಕಾಳು ಚೆಲ್ಲುವುದರಿಂದ ಸಕಾಲದಲ್ಲಿ ಕೊಯ್ದು ಸೂಡು ಕಟ್ಟಿ ನಿಲ್ಲಿಸಬೇಕು, ಅದಕ್ಕೆ ಆಳು ಬೇಕು. ಯಂತ್ರದಿಂದ ಕೊಯ್ಯಬಹುದಾದ ಬೆಳೆಗಳ ಮುಂದೆ ಇದು ಹಿಂದೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. 2025-26ನೇ ಸಾಲಿಗೆ ಕೇಂದ್ರ ಸರಕಾರವು ಎಳ್ಳಿಗೆ ಕ್ವಿಂಟಲಿಗೆ ರೂ. 9,846, ತೊಗರಿಗೆ ರೂ. 8,000 ಬೆಂಬಲ ಬೆಲೆ ಘೋಷಿಸಿತು.

ಇನ್ನು ಲೆಕ್ಕಕ್ಕೆ ಬರೋಣ. ಮುಂದಿನ ಅಂಕಿಗಳಲ್ಲಿ ಬೆಂಬಲ ಬೆಲೆಯೊಂದನ್ನು ಬಿಟ್ಟು ಉಳಿದ ದರ ಹಾಗೂ ವೆಚ್ಚಗಳು ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಪೇಟೆಯ ದರಗಳನ್ನು ಹಾಕಿ ನೋಡಬೇಕು. ಒಂದು ಕ್ವಿಂಟಲ್ ಎಳ್ಳನ್ನು ಬೆಂಬಲ ಬೆಲೆಗೆ ಕೊಂಡು, ಅರೆಯಲು ರೂ. 600 ವೆಚ್ಚ ಮಾಡಿದರೆ ಒಟ್ಟು ರೂ. 10,446. ಎಣ್ಣೆ 40 ಕಿಲೋ, ಹಿಂಡಿ 57 ಕಿಲೋ, ಉಳಿದುದು ನಷ್ಟ. ಎಣ್ಣೆಯನ್ನು ಕಿಲೋಗೆ ರೂ. 230ರಂತೆ ಮಾರಿದರೆ ರೂ. 9,200 ಕೈಸೇರುತ್ತದೆ. ಇನ್ನುಳಿದ ರೂ. 1,246ನ್ನು ಹಿಂಡಿ ತುಂಬಿಕೊಡಬೇಕು, ಅಂದರೆ ಕಿಲೋಗೆ ಸುಮಾರು ರೂ. 22. ಆ ಹಿಂಡಿಯಲ್ಲಿ 18 ಕಿಲೋಗಿಂತ ತುಸು ಹೆಚ್ಚು ಪ್ರೋಟೀನ್ ಇದೆ. ಒಂದು ಕಿಲೋ ಪ್ರೋಟೀನಿಗೆ ಬೀಳುವ ಬೆಲೆ ರೂ. 68. ತೊಗರಿಯಲ್ಲಿ ನೂರಕ್ಕೆ 70ರಷ್ಟು ಬೇಳೆ ದೊರೆಯುವುದೆಂದು ಹಿಡಿದರೆ, ಗಿರಣಿ ಖರ್ಚು ಸೇರಿಸದೆಯೇ ಅದೇ ಪ್ರೋಟೀನಿಗೆ ರೂ. 500 ದಾಟುತ್ತದೆ.

ಇಷ್ಟು ಅಗ್ಗವಾದ ಪ್ರೋಟೀನ್ ತಟ್ಟೆಗೆ ಏಕೆ ಬರಲಿಲ್ಲ? ಸಿಪ್ಪೆಯೇ ಕಾರಣ. ಎಳ್ಳಿನ ಸಿಪ್ಪೆಯಲ್ಲಿ ಆಕ್ಸಲೇಟ್ ಹಾಗೂ ನಾರು ಹೆಚ್ಚು. ಹಿಂಡಿ ಕಹಿಯಾಗಿ ಕಪ್ಪಗಾಗುತ್ತದೆ. ಎಳ್ಳಿನಲ್ಲಿ ಸುಣ್ಣದಂಶ ಅಪಾರವೆಂದು ಹೇಳುವುದುಂಟು, ಆದರೆ ಅದರ ಬಹುಪಾಲು ಈ ಸಿಪ್ಪೆಯಲ್ಲಿಯೇ ಆಕ್ಸಲೇಟ್ ರೂಪದಲ್ಲಿದ್ದು ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಆದ್ದರಿಂದ ಅರೆಯುವುದಕ್ಕೆ ಮೊದಲೇ ಸಿಪ್ಪೆ ತೆಗೆಯಬೇಕು. ಹಾಗೆ ಮಾಡಿದರೆ ಸುಮಾರು 15 ಕಿಲೋ ಸಿಪ್ಪೆ ಹೋಗುತ್ತದೆ, ಎಣ್ಣೆ 38 ಕಿಲೋಗೆ ಇಳಿಯುತ್ತದೆ. ನೀರು, ಒಣಗಿಸುವಿಕೆ, ವಿದ್ಯುತ್ತಿಗೆ ಇನ್ನೂ ರೂ. 1,500 ಹಿಡಿಯೋಣ. ಒಟ್ಟು ವೆಚ್ಚ ರೂ. 11,946, ಎಣ್ಣೆಯಿಂದ ರೂ. 8,740, ಉಳಿದ 44 ಕಿಲೋ ತಿನ್ನಬಹುದಾದ ಹಿಟ್ಟಿನ ಮೇಲೆ ರೂ. 3,206. ಕಿಲೋಗೆ ರೂ. 73. ಅದರಲ್ಲಿ 17 ಕಿಲೋ ಪ್ರೋಟೀನ್ ಉಳಿದರೂ ಕಿಲೋ ಪ್ರೋಟೀನಿಗೆ ರೂ. 189. ಪ್ಯಾಕಿಂಗ್, ಬಡ್ಡಿ, ಸಾಗಾಟ ಸೇರಿದ ಮೇಲೂ ಅಂತರ ಸಾಕಷ್ಟಿದೆ.

ಇಲ್ಲಿ ಲೆಕ್ಕಪತ್ರದ ಒಂದು ಮಾತು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ, ಮಹತ್ವವಲ್ಲದ ಉಪೋತ್ಪನ್ನವನ್ನು ನಿವ್ವಳ ಮಾರಾಟ ಮೌಲ್ಯದಲ್ಲಿ ಹಿಡಿದು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುತ್ತೇವೆ. ಹಿಂಡಿ ಆಹಾರದ ಹಿಟ್ಟಾಗಿ ಗಣನೀಯ ಬೆಲೆ ತಂದರೆ ಅದು ಉಪೋತ್ಪನ್ನವಲ್ಲ, ಎಣ್ಣೆಯ ಜೊತೆ ಉತ್ಪನ್ನ. ಆಗ ವೆಚ್ಚವನ್ನು ಮಾರಾಟ ಮೌಲ್ಯದಂತಹ ತರ್ಕಬದ್ಧ ಆಧಾರದ ಮೇಲೆ ಎರಡಕ್ಕೂ ಹಂಚಬೇಕು. ಮೇಲಿನ ರೂ. 73 ಮೊದಲನೆಯ ಪದ್ಧತಿಯದು. ಅದನ್ನೇ ನೆಚ್ಚಿ ದರಪಟ್ಟಿ ಮಾಡಿದವರು ಎಣ್ಣೆಯ ದರ ಕುಸಿದ ವರ್ಷ ತೊಂದರೆಗೆ ಸಿಕ್ಕುತ್ತಾರೆ. ಎಣ್ಣೆ ಕಿಲೋಗೆ ರೂ. 30 ಇಳಿದರೆ ಹಿಟ್ಟಿನ ಅಸಲು ರೂ. 73ರಿಂದ ಸುಮಾರು ರೂ. 99ಕ್ಕೆ ಏರುತ್ತದೆ!

ಜಿ.ಎಸ್‌.ಟಿ.ಯಲ್ಲಿಯೂ ಎಚ್ಚರ ಬೇಕು. ರೈತರಿಂದ ನೇರವಾಗಿ ಕೊಂಡ ಎಳ್ಳಿಗೆ ತೆರಿಗೆಯಿಲ್ಲ, ಆದುದರಿಂದ ಜಮೆಯೂ ಇಲ್ಲ. ದನದ ಆಹಾರವಾಗಿ ಮಾರುವ ಹಿಂಡಿಗೆ ವಿನಾಯಿತಿ ಇರುವುದರಿಂದ, ಸಾಮಾನ್ಯ ಖರ್ಚುಗಳ ಜಮೆಯಲ್ಲಿ ಅದರ ಪಾಲನ್ನು 42ನೇ ನಿಯಮದಂತೆ ಹಿಂದಿರುಗಿಸಬೇಕು. ಇದನ್ನು ಮರೆತ ಗಿರಣಿಗಳು ಬಹಳ. ಖಾದ್ಯ ತೈಲಗಳಿಗೆ ವಿಲೋಮ ತೆರಿಗೆಯ ಮರುಪಾವತಿಯೂ 18 ಜುಲೈ 2022ರಿಂದ ನಿಂತಿದೆ. ಹಿಟ್ಟಿನ ವರ್ಗೀಕರಣವನ್ನು ಮೊದಲ ಬಿಲ್ಲಿಗೆ ಮುನ್ನವೇ ನಿಶ್ಚಯಿಸಿಕೊಳ್ಳುವುದು ಲೇಸು.

ಕೊಳ್ಳುವವರು ಯಾರು ಎಂಬುದು ಸಹಜ ಪ್ರಶ್ನೆ. ಚಟ್ನಿಪುಡಿ, ಉಂಡೆ ಹಾಗೂ ಕಟಕ ರೊಟ್ಟಿ ತಯಾರಿಸುವ ಮಹಿಳಾ ಸಂಘಗಳು ಹತ್ತಿರದ ಗಿರಾಕಿಗಳು. ಆದರೆ ಬೇಳೆಯ ಬದಲು ಎಳ್ಳಿನ ಹಿಟ್ಟು ಎಂದು ಜಾಹೀರಾತು ಮಾಡುವುದು ಸುಳ್ಳಾಗುತ್ತದೆ. ಎಳ್ಳಿನ ಪ್ರೋಟೀನಿನಲ್ಲಿ ಮೆಥಿಯೊನಿನ್ ಹೇರಳ, ಲೈಸಿನ್ ಕಡಿಮೆ. ಜೋಳ, ಸಜ್ಜೆಗಳಲ್ಲಿಯೂ ಲೈಸಿನ್ನೇ ಕೊರತೆ. ತೊಗರಿಯದು ಇದಕ್ಕೆ ತದ್ವಿರುದ್ಧ. ಆದಕಾರಣ ಎಳ್ಳಿಗೆ ಜೋಡಿ ತೊಗರಿ, ರೊಟ್ಟಿಯೊಂದೇ ಅಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ತನ್ನ ಮೊದಲ ದಶಕದಲ್ಲಿಯೇ ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ವಿವಿಧೋದ್ದೇಶ ಆಹಾರ ರೂಪಿಸಿದ್ದು ಇಂತಹುದೇ ತತ್ವದ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ತೊಗರಿ ಬೆಳೆಯುವ ನಾಡಿನಲ್ಲಿ ಈ ಜೋಡಿಯನ್ನು ಪ್ರಯತ್ನಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ರಫ್ತಿನ ಆಸೆಯುಳ್ಳವರು 2020ರ ಘಟನೆಯನ್ನು ತಿಳಿದಿರಬೇಕು. ಆ ವರ್ಷ ಯುರೋಪಿನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಪತ್ತೆಯಾಗಿ, ಎಳ್ಳು ಸೇರಿದ ಬ್ರೆಡ್ಡು-ಬಿಸ್ಕತ್ತುಗಳನ್ನೂ ಹಿಂಪಡೆಯಲಾಯಿತು. ನಂತರ ಅರ್ಧದಷ್ಟು ರವಾನೆಗಳಿಗೆ ತಪಾಸಣೆ ಕಡ್ಡಾಯವಾಯಿತು. ಸಾಲ್ಮೊನೆಲ್ಲಾ ಸೂಕ್ಷ್ಮಾಣುವನ್ನು ಕೊಲ್ಲಲು ಬಳಸುವ ಅನಿಲವದು. ಹಬೆ ಅಥವಾ ಹದವಾದ ಹುರಿತದಿಂದ ಆ ಕೆಲಸ ಸಾಧ್ಯ. ಅಮೆರಿಕೆಯಲ್ಲಿ 2023ರ ಜನವರಿಯಿಂದ ಎಳ್ಳು ಅಲರ್ಜಿಕಾರಕ ಪದಾರ್ಥವೆಂದು ಲೇಬಲ್ ಮೇಲೆ ನಮೂದಾಗಬೇಕು. ಸಣ್ಣ ಘಟಕವಾದರೂ ಖರೀದಿಯ ಚೀಲದಿಂದ ಮಾರಾಟದ ಪೊಟ್ಟಣದವರೆಗೆ ಲಾಟ್‌ವಾರು ದಾಖಲೆಯನ್ನು ಮೊದಲ ದಿನದಿಂದಲೇ ಇಡಬೇಕು; ಸ್ಟಾಕ್ ರಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಸಿದರೆ ಸಾಕು.