ವಾಲ್ವ್ ಧ್ವನಿವರ್ಧಕಕ್ಕೆ ವಿದ್ಯುತ್ತನ್ನು ಒದಗಿಸುವ ಬಗೆ

ವಿದ್ಯಾರ್ಥಿನಿಯರೇ, 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಯಂತ್ರವನ್ನಿರಿಸಿ ಬಾನುಲಿಯನ್ನು ಆರಂಭಿಸಿದರು. ಆ ಕಾಲದ ಇಂತಹ ಯಂತ್ರಗಳಿಗೆಲ್ಲ ವಾಲ್ವುಗಳೇ ಜೀವ. ಮುಂದೆ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಅವುಗಳನ್ನು ತಯಾರಿಸಿತು. ಆ ತಯಾರಿಕೆಯು ನಿಂತುಹೋಗಿದ್ದರೂ ಹಳೆಯ ಇಸಿಸಿ 83, ಇಎಲ್ 84 ವಾಲ್ವುಗಳು ಹುಡುಕಿದವರಿಗೆ ಇಂದಿಗೂ ದೊರೆಯುತ್ತವೆ. ಇವೆರಡರಿಂದ ಸುಮಾರು 5 ವ್ಯಾಟಿನ ಧ್ವನಿವರ್ಧಕವನ್ನು ಕಟ್ಟಬಹುದು. ಇದು ಹೆಣ್ಣುಮಕ್ಕಳ ಕೆಲಸವಲ್ಲವೆಂಬ ಮಾತಿಗೆ ನಾವು ಕಿವಿಗೊಡುವುದಿಲ್ಲ.

ವಾಲ್ವಿಗೆ ಬೇಕಾದ ವಿದ್ಯುತ್ತು ಎರಡು ಬಗೆಯದು: ಒಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು, ಆನೋಡಿಗೆ ಸುಮಾರು 250 ವೋಲ್ಟಿನ ಏಕಮುಖ ಪ್ರವಾಹ. ಮನೆಯ 230 ವೋಲ್ಟಿನ ವಿದ್ಯುತ್ತಾದರೋ ಸೆಕೆಂಡಿಗೆ 50 ಸಾರಿ ಹಿಂದುಮುಂದಾಗಿ ಹರಿಯತಕ್ಕದ್ದು. ಟ್ರಾನ್ಸ್‌ಫಾರ್ಮರು ಅದನ್ನು ಮಧ್ಯದಿಂದ ಇಕ್ಕೆಲಕ್ಕೂ 250 ವೋಲ್ಟಾಗಿ ಒದಗಿಸುತ್ತದೆ. ಇಜ಼ಡ್ 80 ಎಂಬ ವಾಲ್ವು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆದರೂ ಪ್ರವಾಹವು ಸೆಕೆಂಡಿಗೆ 100 ಸಾರಿ ಏರಿಳಿಯುತ್ತಿರುತ್ತದೆ. ಹಾಗೆಯೇ ಬಿಟ್ಟರೆ ಹಾಡಿನೊಡನೆ ಗುಂಯ್‌ಗುಡುವ ಸದ್ದು ಕೇಳಿಬರುವುದು. ನಮ್ಮ ಗುಡೂರಿನ ಸೀಮೆಯಲ್ಲಿ ಮಳೆಯು ಆಗೊಮ್ಮೆ ಈಗೊಮ್ಮೆ ಸುರಿದರೂ ಕೆರೆಯ ತೂಬಿನಿಂದ ನೀರು ಒಂದೇ ಸಮನೆ ಹರಿಯುವುದಷ್ಟೆ? ಅಂಥ ಕೆರೆಯೇ ಕಂಡೆನ್ಸರು. 32 ಮೈಕ್ರೋಫ್ಯಾರಡಿನ ಎರಡು ಕಂಡೆನ್ಸರುಗಳ ನಡುವೆ 10 ಹೆನ್ರಿಯ ಚೋಕನ್ನಿರಿಸಿದರೆ ಆ ಸದ್ದು ಬಹುಮಟ್ಟಿಗೆ ಅಡಗುವುದು.

ಈ ಕೆರೆಯೇ ಅಪಾಯದ ನೆಲೆಯೂ ಹೌದು. 250 ವೋಲ್ಟೆಂಬುದು ಪರಿಣಾಮಕ (ಆರ್‌ಎಂಎಸ್) ಮೌಲ್ಯದ ಲೆಕ್ಕ. ಅದರ ತುದಿಯು 353ನ್ನು ಮುಟ್ಟುತ್ತದೆ. ಆದಕಾರಣ 450 ವೋಲ್ಟು ತಾಳುವ ಕಂಡೆನ್ಸರನ್ನೇ ಕೊಳ್ಳತಕ್ಕದ್ದು. ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತರೂ ಅದರಲ್ಲಿ ತುಂಬಿದ ವಿದ್ಯುತ್ತು ಉಳಿದೇ ಇರಬಹುದು. ಮುಟ್ಟಿದವರ ಪ್ರಾಣಕ್ಕೇ ಸಂಚಕಾರ. ಇದಕ್ಕಾಗಿ ಚೋಕಿನ ಆಚೆಗಿನ ಕಂಡೆನ್ಸರಿಗೆ ಅಡ್ಡಲಾಗಿ ಒಂದು ಲಕ್ಷ ಓಮಿನ, 3 ವ್ಯಾಟು ತಾಳುವ ರೆಸಿಸ್ಟರನ್ನು ಬೆಸೆಯಬೇಕು. ಅರ್ಧ ನಿಮಿಷದೊಳಗೆ ವೋಲ್ಟು 5ಕ್ಕಿಂತ ಕೆಳಗಿಳಿಯುವುದು. ಕೆಲವು ರೂಪಾಯಿಗಳ ಈ ವಸ್ತುವನ್ನು ಬಿಡುವವರ ಕೈಗೆ ನಾವು ಬೆಸುಗೆಯ ಕಡ್ಡಿಯನ್ನು ಕೊಡೆವು. ರೆಸಿಸ್ಟರಿನ ಬೆಸುಗೆಯೂ ಬಿಡಬಹುದಾದ್ದರಿಂದ ಪ್ರತಿಸಾರಿಯೂ ಮೀಟರಿನಿಂದ ಅಳೆದೇ ಕೈಯಿಡಬೇಕು. ಫ್ಯೂಜು, ಲೋಹದ ಪೆಟ್ಟಿಗೆಗೆ ಭೂಸಂಪರ್ಕ, ಬಳಿಯಲ್ಲಿ ತಿಳಿದ ಹಿರಿಯರೊಬ್ಬರು, ಇವಿಲ್ಲದೆ ಕೆಲಸಕ್ಕೆ ತೊಡಗಕೂಡದು.

ತಕ್ಕ ಟ್ರಾನ್ಸ್‌ಫಾರ್ಮರು ಅಂಗಡಿಯಲ್ಲಿ ಸಿಗದಿದ್ದರೆ, ಬಾವಿಯ ಮೋಟಾರು ಸುಟ್ಟಾಗ ತಂತಿ ಸುತ್ತಿಕೊಡುವವರನ್ನು ವಿಚಾರಿಸಿರಿ. 6.3 ವೋಲ್ಟಿನ ಸುತ್ತು 3 ಆಂಪಿಯರು ಕೊಡುವಂತಿರಲಿ ಎಂದು ಬರೆದುಕೊಡಲು ಮರೆಯಬೇಡಿರಿ.