ಆಜ್ಞೆಗಿಂತ ಮೊದಲು ಬಿಡುಗಡೆ

ಸಭೆಯಲ್ಲಿ ದೃಢೀಕರಣದ ತರಗತಿ ತೆಗೆದುಕೊಳ್ಳುವುದು, ಮನೆಗಳಲ್ಲಿ ಬೈಬಲ್ ಅಧ್ಯಯನ ನಡೆಸುವುದು ನನ್ನ ಬಹುಕಾಲದ ಕೆಲಸ. ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕ ಮೇಲೆ ಧರ್ಮಶಾಸ್ತ್ರ ಯಾಕೆ ಎಂಬ ಪ್ರಶ್ನೆ ಪ್ರತಿ ಗುಂಪಿನಲ್ಲೂ ಏಳುತ್ತದೆ. ಕಲಿಸುತ್ತಾ ಕಲಿಸುತ್ತಾ ನನಗೆ ಗಟ್ಟಿಯಾದ ಮಾತುಗಳಿವು.

1. ದಶಾಜ್ಞೆಯನ್ನು ಅದರ ಪೀಠಿಕೆಯಿಂದ ಶುರುಮಾಡಬೇಕು. ಮಕ್ಕಳು ಹತ್ತೂ ಆಜ್ಞೆಗಳನ್ನು ಪಟಪಟನೆ ಒಪ್ಪಿಸುತ್ತಾರೆ. ಆದರೆ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ದೇವರು ಮೊದಲು ನೆನಪಿಸುವುದು ಐಗುಪ್ತದ ದಾಸತ್ವದಿಂದ ತಾನು ಅವರನ್ನು ಹೊರತಂದದ್ದನ್ನು. ಪಸ್ಕದ ರಾತ್ರಿ 12ನೇ ಅಧ್ಯಾಯದಲ್ಲಿ, ಕೆಂಪು ಸಮುದ್ರ ದಾಟಿದ್ದು 14ರಲ್ಲಿ. ಸೀನಾಯಿ ಬೆಟ್ಟ ಆಮೇಲೆ. ಆಜ್ಞೆ ಪಾಲಿಸಿದ್ದಕ್ಕೆ ಸಿಕ್ಕ ಸಂಬಳವಲ್ಲ ಆ ಬಿಡುಗಡೆ. ಬಿಡುಗಡೆಯಾದವರು ತಾವೇ ಫರೋಹರಾಗದಿರಲೆಂದು ಆಜ್ಞೆ ಬಂತು. ಸಬ್ಬತ್ತಿನಂದು ದಾಸದಾಸಿಯರಿಗೂ ದನಕರುಗಳಿಗೂ ವಿಶ್ರಾಂತಿ. ಹೊಲ ಕೊಯ್ಯುವಾಗ ಅಂಚಿನ ಪೈರು ಬಡವರಿಗೆ, ಪರದೇಶಿಗಳಿಗೆ. ಮೋವಾಬಿನಿಂದ ಬಂದ ರೂತಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಈ ಕಟ್ಟಳೆ ಇದ್ದುದರಿಂದ. ಯೆಹೂದ್ಯರ ಧರ್ಮಶಾಸ್ತ್ರವನ್ನು ಬರೀ ಹೊರೆ ಎಂದು ಬೋಧಿಸುವವರು ಆ ಹೊಲಕ್ಕೆ ಒಮ್ಮೆ ಹೋಗಿಬರಲಿ.

2. ಧರ್ಮಶಾಸ್ತ್ರ ರೋಗ ತೋರಿಸುತ್ತದೆ, ವಾಸಿಮಾಡುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಪೌಲನು ಕೊಲೆ, ಕಳ್ಳತನಗಳ ಮಾತೆತ್ತುವುದಿಲ್ಲ. ಅವನು ಆರಿಸಿಕೊಳ್ಳುವುದು ದುರಾಶೆಯನ್ನು, ಪಕ್ಕದ ಮನೆಯವರಿಗೂ ಕಾಣದ ಪಾಪವನ್ನು. ಅಲ್ಲಿಗೆ ತಲುಪಿದಾಗ ತರಗತಿ ತಾನಾಗಿ ಮೌನವಾಗುತ್ತದೆ.

3. ಗಲಾತ್ಯ ಪತ್ರಿಕೆಯನ್ನು ಊಟದ ಪಂಕ್ತಿಯಿಂದ ಓದಬೇಕು. ಪೇತ್ರನು ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದದ್ದೇ ತಡ, ಹೆದರಿ ಹಿಂದೆ ಸರಿದ. ಬಾರ್ನಬನೂ ಅವನ ಜೊತೆ ಸೇರಿದ. ಪೌಲನು ಎಲ್ಲರೆದುರಿಗೇ ತರಾಟೆಗೆ ತೆಗೆದುಕೊಂಡ. ನಂಬಿಕೆಯಿಂದಲೇ ನೀತಿವಂತರಾಗುವುದು ಎಂಬ ಬೋಧನೆ ಆ ಪತ್ರಿಕೆಯಲ್ಲಿ ಬಿಚ್ಚಿಕೊಳ್ಳುವುದು ಈ ಪಂಕ್ತಿಭೇದದ ಜಗಳದಿಂದ. ನಮ್ಮಲ್ಲೂ ಇದೇ ಪಂಕ್ತಿಯ ಪ್ರಶ್ನೆ ಇತ್ತು: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಭೆಗೆ ಸೇರುವವರು ಜಾತಿ ಬಿಡಬೇಕೆಂದು ಪಟ್ಟುಹಿಡಿಯಿತು. ಇಂದಿಗೂ ನಮ್ಮವರು ಸಂಬಂಧ ನೋಡುವಾಗ ಮೂಲ ಯಾವುದು ಎಂದು ಕೇಳುವುದುಂಟು. ಹಾಗೆ ಕೇಳಿದಾಗೆಲ್ಲ ಅಂತಿಯೋಕ್ಯದ ಪಂಕ್ತಿ ಮತ್ತೆ ಒಡೆಯುತ್ತದೆ.

4. ಹೆಂಗಸರು ಪಿಸುಗುಟ್ಟಿ ಕೇಳುವ ಪ್ರಶ್ನೆಗೆ ಗಟ್ಟಿಯಾಗಿ ಉತ್ತರಿಸಬೇಕು. ಅಧ್ಯಯನ ಮುಗಿದು ಗಂಡಸರು ಚಪ್ಪಲಿ ಮೆಟ್ಟುವ ಹೊತ್ತಿಗೆ, ಬೈಬಲಿನಲ್ಲಿ ಬೆರಳಿಟ್ಟುಕೊಂಡೇ ಒಬ್ಬರು ಹತ್ತಿರ ಬರುತ್ತಾರೆ: ಮುಟ್ಟಿನ ದಿನ ಕರ್ತನ ಭೋಜನ ತೆಗೆದುಕೊಳ್ಳಬಹುದೇ? ಬೆರಳಿರುವುದು ಯಾಜಕಕಾಂಡದ 15ನೇ ಅಧ್ಯಾಯದಲ್ಲಿ. ನಾನು ಮಾರ್ಕನ 5ನೇ ಅಧ್ಯಾಯ ತೆರೆಯುತ್ತೇನೆ. 12 ವರ್ಷ ರಕ್ತಸ್ರಾವದಿಂದ ನರಳಿದವಳು ಗುಂಪಿನಲ್ಲಿ ನುಸುಳಿ ಯೇಸುವಿನ ಉಡುಪು ಮುಟ್ಟುತ್ತಾಳೆ. ಮೈಲಿಗೆಯಾಯಿತೆಂದು ಆತ ಹಿಂದೆ ಸರಿಯುವುದಿಲ್ಲ. ನಡುಗುತ್ತಿರುವವಳನ್ನು ಮಗಳೆಂದು ಕರೆಯುತ್ತಾನೆ. ಅಲ್ಲಿಂದ ಹೋಗಿ ಸತ್ತ ಹುಡುಗಿಯ ಕೈಹಿಡಿಯುತ್ತಾನೆ, ಶವ ಮುಟ್ಟಿದವರು ಏಳು ದಿನ ಅಶುದ್ಧರೆಂಬ ಕಟ್ಟಳೆ ಇದ್ದಾಗ್ಯೂ. ತೆಗೆದುಕೊಳ್ಳಬಹುದು, ಧೈರ್ಯವಾಗಿ ಬನ್ನಿ ಎನ್ನುತ್ತೇನೆ. ಈ ಉತ್ತರ ವೇದಿಕೆಯಿಂದಲೇ ಬರಬೇಕು. ಹೊಸ್ತಿಲಲ್ಲಿ ಪಿಸುಮಾತಿನಲ್ಲಿ ಉಳಿಯಬಾರದು.

5. ಪೌಲನ ಜೊತೆಗಾರರಾದ ತೀತ, ತಿಮೊಥೆಯ ಇಬ್ಬರನ್ನೂ ಒಟ್ಟಿಗೆ ಕಲಿಸಬೇಕು. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಲೇಬೇಕೆಂಬ ಒತ್ತಡಕ್ಕೆ ಪೌಲ ಮಣಿಯಲಿಲ್ಲ. ತಾಯಿ ಯೆಹೂದ್ಯಳಾಗಿದ್ದ ತಿಮೊಥೆಯನಿಗೆ, ಯೆಹೂದ್ಯರ ನಡುವೆ ಸೇವೆ ಮಾಡಲಿದ್ದುದರಿಂದ, ತಾನೇ ಮಾಡಿಸಿದ. ರಕ್ಷಣೆಗೆ ಷರತ್ತು ಎಂದಾಗ ಬೇಡ. ಪ್ರೀತಿಗಾಗಿ ಎಂದಾಗ ಆದೀತು. ಶ್ರಮೆಯ ಕಾಲದಲ್ಲಿ ಉಪವಾಸ ಹಿಡಿಯುವವರನ್ನು ನಾನು ಕೇಳುವುದು ಇಷ್ಟೇ: ಇದನ್ನು ತಪ್ಪಿಸಿದರೆ ದೇವರು ಕೈಬಿಟ್ಟಾನೆಂಬ ಭಯವಿದೆಯೇ? ಇದ್ದರೆ ಈ ವರ್ಷ ಉಪವಾಸ ಬೇಡ, ಗಲಾತ್ಯ ಪತ್ರಿಕೆಯನ್ನು ಕೂತು ಓದೋಣ ಎನ್ನುತ್ತೇನೆ. ಇಲ್ಲವಾದರೆ, ಬಿಟ್ಟ ಊಟ ಯಾರ ತಟ್ಟೆಗೆ ಹೋಗಬೇಕೆಂದು ಇಬ್ಬರೂ ಯೋಚಿಸುತ್ತೇವೆ.