ದೋಷಶೋಧನೆಯ ಗದ್ಯ: ಮೂಕವಾದ ಆಂಪ್ಲಿಫೈಯರ್

ತಾಂತ್ರಿಕ ಗದ್ಯದಲ್ಲಿ ‘-ದರೆ’, ‘-ದಿದ್ದರೆ’ ಎಂಬ ಪಕ್ಷಾರ್ಥಕ ರೂಪಗಳೇ ಓದುಗನಿಗೆ ದಾರಿ ತೋರುತ್ತವೆ. ಕಾರಿನ ಆಂಪ್ಲಿಫೈಯರ್ ಮೂಕವಾದಾಗ ನಡೆಸುವ ಪರೀಕ್ಷೆ ಇದಕ್ಕೆ ನಿದರ್ಶನ.

ಆಂಪ್ಲಿಫೈಯರಿಗೆ ಮೂರು ತಂತಿಗಳು ಮುಖ್ಯ: ಬ್ಯಾಟರಿಯಿಂದ ಬರುವುದು, ಕಾರಿನ ಲೋಹದ ಮೈಗೆ ಸೇರುವ ಅರ್ಥ್, ಸ್ಟೀರಿಯೋದಿಂದ ಬರುವ ರಿಮೋಟ್. ಸ್ಟೀರಿಯೋ ಚಾಲೂ ಇರುವಾಗ ಮೀಟರಿನ ಕಪ್ಪು ಕಡ್ಡಿಯನ್ನು ಅರ್ಥ್ ತುದಿಗೂ ಕೆಂಪು ಕಡ್ಡಿಯನ್ನು ಉಳಿದೆರಡಕ್ಕೆ ಒಂದೊಂದಾಗಿಯೂ ತಾಗಿಸಿದರೆ ಸುಮಾರು 12 ವೋಲ್ಟ್ ಕಾಣಬೇಕು. ಎರಡರಲ್ಲೂ ಕಾಣದಿದ್ದರೆ ಕಪ್ಪು ಕಡ್ಡಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಬೇಕು. ಆಗ ಕಂಡರೆ ದೋಷ ಅರ್ಥ್ ತಂತಿಯದು. ರಿಮೋಟಿನಲ್ಲಿ ಮಾತ್ರ ಕಾಣದಿದ್ದರೆ ಸ್ಟೀರಿಯೋವನ್ನೂ ಅದರಿಂದ ಬರುವ ತಂತಿಯನ್ನೂ ಪರೀಕ್ಷಿಸಬೇಕು. ಬ್ಯಾಟರಿ ತಂತಿಯಲ್ಲಿ ಮಾತ್ರ ಕಾಣದಿದ್ದರೆ ಫ್ಯೂಸ್ ನೋಡಬೇಕು.

ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಬೇಕು. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆಯೆಂದು ತಿಳಿಯಬೇಕು. 30 ಆಂಪಿಯರಿನ ಜಾಗದಲ್ಲಿ 60ರದನ್ನು ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿಯೇ ಕಾದು ಕಾರಿಗೆ ಬೆಂಕಿ ತಗಲಬಹುದು.

ಮೇಲಿನ ಸೂಚನೆಯಲ್ಲಿ ‘ಅದೇ’ ಎಂಬ ಪದ ಬಿಟ್ಟುಹೋದರೆ ವಾಕ್ಯ ವ್ಯಾಕರಣಶುದ್ಧವಾಗಿಯೇ ಉಳಿಯುತ್ತದೆ. ಓದುಗನು ಮಾತ್ರ ಅಪಾಯಕ್ಕೆ ಸಿಲುಕುತ್ತಾನೆ.

ಅಭ್ಯಾಸ: ಸ್ಪೀಕರ್ ತಂತಿಗಳನ್ನು ಬಿಡಿಸಿದೊಡನೆ ಆಂಪ್ಲಿಫೈಯರಿನ ರಕ್ಷಣಾ ದೀಪ ಆರಿದರೆ ದೋಷ ಸ್ಪೀಕರಿನಲ್ಲೋ ಅದರ ತಂತಿಯಲ್ಲೋ ಇರುತ್ತದೆ. ‘ಆರದಿದ್ದರೆ’ ಎಂದು ಆರಂಭಿಸಿ ಮುಂದಿನ ವಾಕ್ಯವನ್ನು ರಚಿಸಿರಿ.